ಎದುರು ಪಕ್ಷದ ಬೆಂಚು

ರಾಜ್ಯಶಾಸ್ತ್ರದ ತರಗತಿಯಲ್ಲಿ ಅವಳನ್ನು ಎಲ್ಲರೂ ಗುಡುಗು ಎಂದೇ ಕರೆಯುತ್ತಿದ್ದರು. ಅವಳು ಬಾಯಿ ತೆರೆದರೆ ಪಕ್ಕದ ಅರ್ಥಶಾಸ್ತ್ರದವರು ಕಿಟಕಿ ಮುಚ್ಚಿಕೊಳ್ಳುತ್ತಿದ್ದರು. ಆ ವರ್ಷವಂತೂ ಗುಡುಗಲು ಕಾರಣವೂ ಇತ್ತು. ಆಸ್ಪತ್ರೆ ರಸ್ತೆಯ ತಿರುವಿನಲ್ಲಿ ಅವಳಪ್ಪನ ಹೊಲಿಗೆ ಅಂಗಡಿ. ರಸ್ತೆ ಅಗಲ ಮಾಡಬೇಕೆಂದು ನಗರಸಭೆಯವರು ಬಂದು ಅದರ ಗೋಡೆಗೆ ಕೆಂಪು ಗೆರೆ ಎಳೆದು ಹೋಗಿದ್ದರು. ಗೆರೆಯ ಪ್ರಕಾರ ಹೊಲಿಗೆ ಯಂತ್ರ ರಸ್ತೆಪಾಲು, ಇಸ್ತ್ರಿ ಮೇಜು ಮಾತ್ರ ಅಪ್ಪನ ಪಾಲು.

ಸಾರ್ವಜನಿಕ ಆಡಳಿತ ಕಲಿಸುವ ಮೇಡಂ ಇದೇ ವಿಷಯವನ್ನು ತರಗತಿಯ ಚರ್ಚೆಗೆ ಇಟ್ಟರು. ಅವಳು ತೋಳೇರಿಸಿಕೊಂಡು ಕುಳಿತಳು.

"ನೀನು ನಗರಸಭೆ ಪರ ಮಾತಾಡು," ಅಂದರು ಮೇಡಂ.

"ನಾನಾ? ಹೋಗ್ತಿರೋದು ನಮ್ಮಪ್ಪನ ಅಂಗಡಿ, ಮೇಡಂ!"

"ಗೊತ್ತು. ಅಪ್ಪನ ಪರ ಮಾತಾಡೋಕೆ ನೀನು ಇಲ್ಲೀವರೆಗೂ ಬಂದು ಓದ್ಬೇಕಾ?"

ಮನೆಗೆ ಬಂದವಳು ಮೇಡಂಗೆ ಮನಸಾರೆ ಶಾಪ ಹಾಕಿದಳು. ಸೂಜಿಗೆ ದಾರ ಪೋಣಿಸುತ್ತಿದ್ದ ಅಪ್ಪ ನಕ್ಕುಬಿಟ್ಟ. "ಗಿರಾಕಿ ತಂದ ಬಣ್ಣ ನನಗೆ ಹಿಡಿಸ್ದೇ ಇದ್ರೂ ಹೊಲಿಯಲ್ವೇನಮ್ಮ? ಒಪ್ಪಿಸಿದ ಕೆಲಸ ನೆಟ್ಟಗೆ ಮಾಡು."

ಒಲ್ಲದ ಮನಸ್ಸಿನಿಂದಲೇ ಅವಳು ಆಸ್ಪತ್ರೆಗೆ ಹೋಗಿ ಆಂಬುಲೆನ್ಸ್ ಚಾಲಕನನ್ನು ಮಾತಾಡಿಸಿದಳು. "ಕೇಳೋದೇನು, ಹತ್ತಿ ಕೂತು ನೋಡಿ," ಅಂದ ಆತ. ರೋಗಿಯನ್ನು ಕರೆತರಲು ಹೋಗಿ ವಾಪಸು ಬರುವಾಗ ಹಿಂದೆ ಹೆರಿಗೆ ನೋವಿನ ಹೆಂಗಸೊಬ್ಬಳು ನರಳುತ್ತಿದ್ದಳು. ತಿರುವಿನಲ್ಲಿ ಸರಕಿನ ಲಾರಿಯೊಂದು ಅಡ್ಡ ಸಿಕ್ಕಿತು. ಸೈರನ್ ಕಿರುಚಿದ್ದೇ ಬಂತು, ಗಾಡಿ ಮಿಸುಕಲಿಲ್ಲ. ಆ ಸೀಟಿನಿಂದ ಅವಳು ಅಪ್ಪನ ಅಂಗಡಿಯನ್ನು ಮೊದಲ ಸಲ ರಸ್ತೆಯ ಕಡೆಯಿಂದ ನೋಡಿದಳು. ಅದರ ಮೆಟ್ಟಿಲು ರಸ್ತೆಗೇ ಕಾಲು ಚಾಚಿತ್ತು. ಪುಣ್ಯಕ್ಕೆ ತಾಯಿ ಮಗು ಇಬ್ಬರೂ ಉಳಿದುಕೊಂಡರು.

ಚರ್ಚೆಯ ದಿನ ಅಪ್ಪ ಅಂಗಡಿ ಮುಚ್ಚಿ ಬಂದು ಹಿಂದಿನ ಬೆಂಚಿನಲ್ಲಿ ಕುಳಿತಿದ್ದ. ಅವಳು ಅಂದು ಕೂಗಾಡಲಿಲ್ಲ. ಆಂಬುಲೆನ್ಸಿನೊಳಗೆ ಕಂಡದ್ದನ್ನು ಕಂಡ ಹಾಗೆ ಹೇಳಿ, "ಈ ರಸ್ತೆ ಅಗಲ ಆಗಲೇಬೇಕು," ಎಂದು ಮುಗಿಸಿ ಹಿಂದಿನ ಬೆಂಚಿನತ್ತ ನೋಡಿದಳು. ಅಪ್ಪ ತಲೆ ತಗ್ಗಿಸಿದ್ದು ಕಂಡಿತು.

ಹೊರಗೆ ಬಂದ ಮೇಲೆ ಅವಳು ಕೇಳಿದಳು, "ಬೇಜಾರಾಯ್ತಾ ಅಪ್ಪ?"

"ಇಷ್ಟು ವರ್ಷ ಆ ಗಾಡಿಗೆ ದಾರಿ ಬಿಡ್ರೋ ಅಂತ ಊರಿಗೆಲ್ಲ ಕೂಗಿದೀನಿ ಕಣಮ್ಮ. ಅಡ್ಡ ನಿಂತೋನು ನಾನೇ ಅಂತ ಹೊಳೀಲೇ ಇಲ್ಲ ನೋಡು."

ಮುಂದೆ ನಗರಸಭೆಯಲ್ಲಿ ನಿಜವಾದ ಅಹವಾಲು ಸಭೆ ನಡೆಯಿತು. ಅಂಗಡಿಯವರು ರಸ್ತೆಯೇ ಬೇಡವೆಂದು ಕೂಗಿದರು, ಅಧಿಕಾರಿಗಳು ಕಿವಿಗೆ ಹತ್ತಿ ಇಟ್ಟುಕೊಂಡವರಂತೆ ಕುಳಿತರು. ಅವಳು ಎದ್ದು ನಿಂತಳು. "ರಸ್ತೆ ಬೇಕು, ನಾನೂ ಒಪ್ತೀನಿ. ಆದ್ರೆ ಎದುರುಗಡೆ ನಿಮ್ಮದೇ ಹಳೇ ಗೋದಾಮು ಪಾಳು ಬಿದ್ದಿದೆ. ಗೆರೆ ಅದನ್ನ ಬಿಟ್ಟು ನಮ್ಮ ಕಡೆಗೇ ಯಾಕೆ ವಾಲಿದೆ?"

ಎಂಜಿನಿಯರ್ ನಕ್ಷೆ ಬಿಡಿಸಿದರು. ಸರ್ಕಾರಿ ಆಸ್ತಿಯೆಂದು ಯಾರೂ ಅದರ ತಂಟೆಗೆ ಹೋಗಿರಲಿಲ್ಲವಂತೆ. ಅಧ್ಯಕ್ಷೆ ಮತ್ತೆ ಅಳೆಯಲು ಹೇಳಿದರು. ಕೊನೆಗೆ ಗೋದಾಮು ನೆಲಕ್ಕುರುಳಿತು. ಅಪ್ಪನಿಗೆ ಮೆಟ್ಟಿಲೂ ಮುಂದಿನ ಗಾಜಿನ ಕಪಾಟೂ ಹೋದವು, ಯಂತ್ರ ಇದ್ದಲ್ಲೇ ಉಳಿಯಿತು. ಮೂಲೆಯ ಬೀಗದ ರಿಪೇರಿಯವನು ಮಾತ್ರ ಜಾಗ ಬಿಡಬೇಕಾಯಿತು. ಅವನಿಗೆ ಆಸ್ಪತ್ರೆ ಗೇಟಿನ ಬಳಿ ಗೂಡಂಗಡಿ ಕೊಡಿಸುವ ತನಕ ಅವಳು ನಗರಸಭೆಯವರ ಬೆನ್ನು ಬಿಡಲಿಲ್ಲ.

ಅಪ್ಪ ಮಗಳು ಇಬ್ಬರೂ ಮೇಡಂ ಕೋಣೆಗೆ ಹೋದರು. ಅವಳ ಕಣ್ಣು ತುಂಬಿ ಬಂತು. "ಆವತ್ತು ನಿಮ್ಮನ್ನ ತುಂಬಾ ಬೈಕೊಂಡೆ ಮೇಡಂ," ಅಂದಳು.

"ಬೈದಿರ್ತೀಯ ಅಂತ ಗೊತ್ತಿತ್ತು," ಎಂದು ಮೇಡಂ ನಕ್ಕರು. "ಕೂತ್ಕೊಳ್ಳಿ ಇಬ್ರೂ."

ಅಪ್ಪ ಕೂರಲಿಲ್ಲ. ಕೈ ಮುಗಿದು, "ನಿಮ್ಮ ಉಪಕಾರ ದೊಡ್ಡದು ತಾಯಿ. ಚಳಿಗೆ ನಿಮಗೊಂದು ಕೋಟು ಹೊಲಿಯೋಕೆ ಅವಕಾಶ ಕೊಡಿ. ಬೇಡ ಅನ್ಬಾರ್ದು," ಎಂದ.

ಮೇಡಂ ಬೇಡವೆನ್ನಲಿಲ್ಲ. ಕುರ್ಚಿಯಿಂದೆದ್ದು, ಅಳತೆ ಕೊಡಲು ನೆಟ್ಟಗೆ ನಿಂತರು.