ಜ್ವೊಂಕೊನ ಹೆಸರಿಗೆ ಬಂದ ಸದ್ದು

ಬೆಳಗಿನ ಹಾಜರಿ ಕೂಗುವುದು ವಾಲ್ಮೆಯ ಕೆಲಸ. ಸಭಾಂಗಣದ ಮೂಲೆಯಲ್ಲಿ ವೈರ್‌ಲೆಸ್ ಮುಂದೆ ಕೂತು ಅವಳು ಹೆಸರು ಕರೆಯುತ್ತಾಳೆ. ಗುಡ್ಡಗಳ ಹೊಟ್ಟೆಯಲ್ಲಿ ಕೊರೆದ ಮನೆಗಳಿಂದ ಮುದುಕರು ಉತ್ತರ ಕೊಡುತ್ತಾರೆ. ಉತ್ತರವೆಂದರೆ ಮಾತಲ್ಲ. ತಮ್ಮ ವೈರ್‌ಲೆಸ್ಸಿನ ಗುಂಡಿಯನ್ನು ಎರಡು ಸಲ ಒತ್ತುತ್ತಾರೆ. ಟಿಕ್, ಟಿಕ್. ಬದುಕಿದ್ದೇನೆ ಎಂದರ್ಥ. ಜೀವಮಾನವೆಲ್ಲ ಒಂಟಿಯಾಗಿ ಗಣಿಯಲ್ಲಿ ಓಪಲ್ ಹರಳು ಅಗೆದವರು ಎದ್ದ ಕೂಡಲೇ ಊರಿಗೆಲ್ಲ ಕೇಳುವಂತೆ ತಮ್ಮ ಆರೋಗ್ಯದ ವರದಿ ಒಪ್ಪಿಸುವವರಲ್ಲ. ಗುಂಡಿ ಒತ್ತುವುದೇ ದೊಡ್ಡ ಉಪಕಾರ ಎಂಬ ಭಾವನೆ.

ಈ ಏರ್ಪಾಡು ವಾಲ್ಮೆಯದೇ. ನರ್ಸಾಗಿ ಬಂದವಳು ಇಲ್ಲೇ ಮುದುಕಿಯಾದಳು. ನಮ್ಮ ಮುದುಕರನ್ನು ಕರಾವಳಿಯ ವೃದ್ಧಾಶ್ರಮಕ್ಕೆ ಸಾಗಿಸುವ ಯೋಜನೆ ಬಂದಾಗಲೆಲ್ಲ ರಾಜಧಾನಿಗೆ ಹೋಗಿ ಜಗಳವಾಡಿ ತಡೆದಳು. ಕಡೆಗೆ ಸಮಿತಿಗಳೇ ಅವಳನ್ನು ಕರೆಸಿ ಅಭಿಪ್ರಾಯ ಕೇಳತೊಡಗಿದವು. ಅವಳ ನಿಯಮ ಒಂದೇ: ಕರೆಯದೆ ಯಾರ ಬಾಗಿಲನ್ನೂ ತಟ್ಟಬಾರದು. ಅಂದು ಮಧ್ಯಾಹ್ನ ಇಬ್ಬರು ಅಧಿಕಾರಿಗಳು ಬರುವವರಿದ್ದರು. ಅವರು ಈ ಏರ್ಪಾಡು ಒಪ್ಪಿದರೆ ಊರಿಗೆ ಕಾಯಂ ನರ್ಸ್, ಮುದುಕರು ಇದ್ದಲ್ಲೇ ಇರಬಹುದು. ಒಪ್ಪದಿದ್ದರೆ ಚಳಿಗಾಲಕ್ಕೆ ಮುಂಚೆ ಎಲ್ಲರನ್ನೂ ಬಸ್ಸು ಹತ್ತಿಸುತ್ತಾರೆ.

ಬೆಳಗ್ಗೆ ಎಲ್ಲರ ಸದ್ದೂ ಬಂತು. ನಾನು ನೀರಿನ ಲಾರಿ ತೆಗೆದುಕೊಂಡು ಹೊರಟೆ. ಮುದುಕ ಜ್ವೊಂಕೊನ ಗುಡ್ಡಕ್ಕೆ ಹೋಗಿ ತೊಟ್ಟಿಯ ಮುಚ್ಚಳ ತೆಗೆದರೆ ನೀರು ಕಂಠಮಟ್ಟ ಇತ್ತು. ಹೋದ ಸಲ ನಾನು ತುಂಬಿಸಿದ್ದು ಹಾಗೇ ಇತ್ತು. ಮೇಲೆ ಕೆಂಪು ಧೂಳು ಕೆನೆಗಟ್ಟಿತ್ತು. ಲಾರಿ ತಿರುಗಿಸಿ ಸಭಾಂಗಣಕ್ಕೆ ವಾಪಸ್ ಬಂದೆ.

ವಾಲ್ಮೆ ಅತಿಥಿಗಳಿಗೆಂದು ಕೇಕ್ ಕತ್ತರಿಸುತ್ತಿದ್ದಳು.

"ಏನೇ ನೀರಿನವಳೇ, ಲಾರಿ ಕೆಟ್ಟೋಯ್ತಾ?"

"ಜ್ವೊಂಕೊ ನೀರೇ ಮುಟ್ಟಿಲ್ಲ."

"ಬಿಯರ್ ಇರೋವಾಗ ನೀರ್ಯಾಕೆ ಮುಟ್ತಾನೆ? ಬೆಳಗ್ಗೆ ಟಿಕ್ ಕೊಟ್ಟನಲ್ಲ, ನೀನೇ ಇದ್ದೆ."

"ತೊಟ್ಟಿ ತುಂಬಿದೆ ವಾಲ್. ಒಂದು ತಂಬಿಗೆನೂ ಕಮ್ಮಿ ಆಗಿಲ್ಲ."

ಅವಳು ಚಾಕು ಕೆಳಗಿಟ್ಟಳು.

ಜ್ವೊಂಕೊನ ಬಾಗಿಲಿಗೆ ಚಿಲಕ ಹಾಕಿರಲಿಲ್ಲ. ಗುಡ್ಡದೊಳಗೆ ಬೇಸಿಗೆಯಲ್ಲೂ ತಂಪು, ತೇವವಂತೂ ಇಲ್ಲವೇ ಇಲ್ಲ. ಅಲ್ಲಿ ಏನೂ ಬೇಗ ಕೊಳೆಯುವುದಿಲ್ಲ. ಅವನು ಕುರ್ಚಿಯಲ್ಲಿ ಕೂತಿದ್ದ. ಮುಖದ ಚರ್ಮ ಒಣಗಿ ಮೂಳೆಗೆ ಅಂಟಿತ್ತು. ಸತ್ತು ವಾರಗಳೇ ಆಗಿದ್ದವು. ವೈರ್‌ಲೆಸ್ ತೊಡೆಯ ಮೇಲಿತ್ತು. ವಾಲ್ಮೆ ಅದನ್ನು ತಿರುಗಿಸಿ ನೋಡಿದಳು. ಹಿಂದಿನ ಮುಚ್ಚಳ ತೆರೆದಿತ್ತು, ಬ್ಯಾಟರಿ ಇರಲಿಲ್ಲ.

ಅವಳು ಅವನ ಕಾಲರ್ ಸರಿಮಾಡಿದಳು. ನನಗೆ ಅದನ್ನು ನೋಡಲಾಗಲಿಲ್ಲ, ಹೊರಗೆ ಬಂದೆ.

ಪಕ್ಕದ ಗುಡ್ಡದ ಗ್ರೀಕ್ ಮುದುಕ ಥಾನೋ ನೆರಳಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದ. ವಾಲ್ಮೆ ನೇರವಾಗಿ ಕೇಳಿದಳು, "ಜ್ವೊಂಕೊ ಹೆಸರಿಗೆ ಟಿಕ್ ಕೊಡ್ತಿದ್ದಿದ್ದು ಯಾರೋ?"

"ಕೆಲವು ಸಲ ನಾನೇ. ಕುಡಿದು ಮಲಗಿರ್ತಾನೆ ಪಾಪ. ಸದ್ದು ಬರದಿದ್ರೆ ನೀನು ಆಂಬುಲೆನ್ಸ್ ಕಳಿಸ್ತೀಯಾ. ಆಂಬುಲೆನ್ಸ್ ಹತ್ತಿದೋರು ಯಾರಾದ್ರೂ ವಾಪಸ್ ಬಂದಿದ್ದಾರಾ?"

"ಕೆಲವು ಸಲ ಅಂದ್ರೆ?"

"ಅಂದ್ರೆ ಕೆಲವು ಸಲ! ಉಳಿದ ದಿನ ನಾನು ಒತ್ತೋಕೆ ಮುಂಚೆನೇ ಸದ್ದು ಬರ್ತಿತ್ತು. ಎದ್ದಿದ್ದಾನೆ ಅಂದ್ಕೊಂಡೆ. ಯಾಕೆ, ಏನಾಯ್ತು?"

ಅವಳು ಹೇಳಿದಳು. ಥಾನೋನ ಕೈಯಿಂದ ಬೋಗುಣಿ ಜಾರಿತು. ಬಟಾಣಿ ಮಣ್ಣಲ್ಲಿ ಉರುಳಿ ಹೋದವು.

"ಇವತ್ತು ಬೆಳಗ್ಗೆ ನಾನು ಒತ್ತಿಲ್ಲ ವಾಲ್," ಎಂದ.

ಅವನನ್ನೂ ಲಾರಿಗೆ ಹತ್ತಿಸಿಕೊಂಡು ಸಭಾಂಗಣಕ್ಕೆ ಬಂದೆವು. ದಾರಿಯುದ್ದಕ್ಕೂ ಅವನು ಒಂದೇ ಮಾತು ಹೇಳುತ್ತಿದ್ದ: "ಅವರು ಬಂದು ಹೋಗಲಿ, ಆಮೇಲೆ ಹೇಳು. ಜ್ವೊಂಕೊ ಏನೂ ಅಂದ್ಕೊಳಲ್ಲ. ಇವತ್ತೊಂದು ದಿನ ಸುಮ್ನಿರು ತಾಯಿ."

ವಾಲ್ಮೆ ನೇರ ಒಳಗೆ ನಡೆದಳು. ವೈರ್‌ಲೆಸ್ ಮುಂದೆ ಕೂತು ಗುಂಡಿ ಒತ್ತಿದಳು. "ಎಲ್ಲರೂ ಕೇಳಿ. ಇನ್ನೊಂದು ಸಲ ಹಾಜರಿ. ಈ ಸಲ ಬಾಯಿಬಿಟ್ಟು ಮಾತಾಡಬೇಕು. ಬೈದ್ರೂ ಪರವಾಗಿಲ್ಲ."

ಮೊದಲನೆಯವನು ಬೈದ. ಎರಡನೆಯವಳು ಕೆಮ್ಮಿ, "ಏನ್ ಕಾಟ ನಿಂದು," ಎಂದಳು. ವಾಲ್ಮೆಯ ಭುಜ ಸ್ವಲ್ಪ ಸಡಿಲವಾಯಿತು. ಆಮೇಲೆ ಅವಳು ಕರೆಯಬಾರದ ಹೆಸರು ಕರೆದಳು.

"ಜ್ವೊಂಕೊ."

ಥಾನೋ ನನ್ನ ಪಕ್ಕದಲ್ಲೇ ಇದ್ದ. ಎರಡೂ ಕೈ ಮೊಣಕಾಲ ಮೇಲಿದ್ದವು.

ಟಿಕ್, ಟಿಕ್.

"ಯಾರದು?" ವಾಲ್ಮೆ ಕೂಗಿದಳು. "ಯಾರೇ ಆಗಿರಲಿ, ತಮಾಷೆ ಸಾಕು. ನಾನು ಅವನನ್ನ ನೋಡ್ಕೊಂಡ್ ಬಂದಿದ್ದೀನಿ."

ಸ್ಪೀಕರಿನಲ್ಲಿ ಗಾಳಿಯ ಸದ್ದು ಮಾತ್ರ. ಥಾನೋ ಎದೆಯ ಮೇಲೆ ಶಿಲುಬೆ ಗೀರಿಕೊಂಡ.

"ಹಿಲ್ಕಾ," ಎಂದು ವಾಲ್ಮೆ ಮುಂದಿನ ಹೆಸರು ಕರೆದಳು.

ಟಿಕ್, ಟಿಕ್.

"ಹಿಲ್ಕಾ, ಮಾತಾಡು."

ಟಿಕ್, ಟಿಕ್. ಅವಸರವಿಲ್ಲ, ತಡವೂ ಇಲ್ಲ. ಜ್ವೊಂಕೊನ ಹೆಸರಿಗೆ ಬಂದಂತೆಯೇ ಬಂತು. ಆಮೇಲೆ ಕರೆದ ಮೂರು ಹೆಸರಿಗೂ ಹಾಗೇ. ಒಬ್ಬರೂ ಮಾತಾಡಲಿಲ್ಲ.

ಹೊರಗೆ ಕಾರು ನಿಂತಿತು. ಅಧಿಕಾರಿಗಳು ಟೋಪಿಯಿಂದ ಧೂಳು ಕೊಡವುತ್ತ ಒಳಗೆ ಬಂದರು. ಹಿರಿಯವನು ಎಡ್ಗೆಲ್ ಎಂಬಾತ. ಬಹಳ ವರ್ಷ ಅವಳ ಎದುರು ವಾದಿಸಿ ಸೋತವನು. ಅವನೇ ಕೈಚಾಚಿ ನಕ್ಕ.

"ಈ ಸಲ ನೀವೇ ಗೆಲ್ಲೋ ಹಾಗಿದೆ ಮೇಡಂ. ನಿಮ್ಮ ಹಾಜರಿ ಪದ್ಧತಿ ಎಲ್ಲರಿಗೂ ಹಿಡಿಸಿದೆ. ಒಂದು ಟಿಕ್ಕೂ ತಪ್ಪಿಲ್ಲವಂತೆ?"

"ಒಂದೂ ತಪ್ಪಿಲ್ಲ," ಎಂದಳು ವಾಲ್ಮೆ.

ಥಾನೋ ಉಸಿರು ಬಿಟ್ಟ. ಅವಳು ಅವನ ಕಡೆ ನೋಡದೆ ಗೋಡೆಗೆ ಒರಗಿಸಿದ್ದ ಹಾರೆ ತೆಗೆದುಕೊಂಡಳು.

"ಅದಕ್ಕೇ ಅದನ್ನ ನಂಬೋ ಹಾಗಿಲ್ಲ ಎಡ್ಗೆಲ್. ನಮ್ಮಲ್ಲೊಬ್ಬ ಸತ್ತು ವಾರಗಟ್ಟಲೆ ಆಗಿದೆ. ಅವನ ಟಿಕ್ ಇವತ್ತೂ ಬಂತು. ಬನ್ನಿ, ಬಾಗಿಲು ತಟ್ಟೋಕೆ ಹೋಗ್ತಿದ್ದೀನಿ."

"ಏಯ್ ಹುಚ್ಚಿ," ಎಂದ ಥಾನೋ ಮೆಲ್ಲಗೆ. "ನಮ್ಮನ್ನೆಲ್ಲ ಬಸ್ಸಿಗೆ ಹಾಕಿಬಿಟ್ಟೆಯಲ್ಲೇ."

"ಬಸ್ಸಿಗೆ ಹಾಕೋಕೆ ಜೀವ ಇರಬೇಕಲ್ಲ. ಮೊದಲು ಅದನ್ನ ನೋಡೋಣ."

ಹಿಲ್ಕಾಳ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ವಾಲ್ಮೆ ತಟ್ಟಿದಳು. ಮತ್ತೆ ತಟ್ಟಿದಳು. ಹಾರೆಯ ತುದಿ ಸಂದಿಗೆ ಹಾಕಿ ಮೀಟುವ ಹೊತ್ತಿಗೆ ಬಾಗಿಲು ತೆರೆಯಿತು. ಕೆದರಿದ ಬಿಳಿ ಕೂದಲಿನ ಹಿಲ್ಕಾ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಳು.

"ನಿನ್ನ ನಿಯಮ ನೀನೇ ಮುರಿದೆಯಲ್ಲೇ ಮುದುಕಿ! ಏನಾಗಿದೆ ನಿಂಗೆ?"

ವಾಲ್ಮೆ ಬಾಗಿಲ ಚೌಕಟ್ಟು ಹಿಡಿದು ನಿಂತಳು. "ಬಾಯಿಬಿಡು ಅಂದ್ರೆ ಬರೀ ಟಿಕ್ ಟಿಕ್ ಅಂತೀಯಲ್ಲ, ಕೊಬ್ಬಾ?"

"ಎಲ್ಲಿಯ ಟಿಕ್? ಆ ಡಬ್ಬ ಬಿದ್ದು ಒಡೆದು ಎಷ್ಟೋ ಕಾಲ ಆಯ್ತು. ನೀನು ಕರೆದಾಗ ನನ್ನ ಸದ್ದು ಬರಲಿಲ್ಲ ಅಂತ ನೀನೇ ಹುಡುಕ್ಕೊಂಡ್ ಬರ್ತೀಯೇನೋ ಅಂತ ಕಾದೆ. ಬರಲೇ ಇಲ್ಲ."

ಎಡ್ಗೆಲ್ ಟೋಪಿ ತೆಗೆದು ಸುತ್ತಲಿನ ಗುಡ್ಡಗಳನ್ನು ನೋಡಿದ. ಒಂದೊಂದರಲ್ಲೂ ಒಂದೊಂದು ಕತ್ತಲೆಯ ಬಾಗಿಲು.

"ಒಟ್ಟು ಎಷ್ಟು ಜನ ಇದ್ದಾರೆ ನಿಮ್ಮೂರಲ್ಲಿ?" ಎಂದು ಕೇಳಿದ.

"ನೋಡಿ ಹೇಳ್ತೀನಿ," ಎಂದು ವಾಲ್ಮೆ ಮುಂದಿನ ಗುಡ್ಡದ ಕಡೆ ನಡೆದಳು.