ಹದಿನೆಂಟು ಬಾಯಿಗಳ ಲೆಕ್ಕ

ಅಕ್ಕನಿಗೆ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ. ಇಬ್ಬರೂ ಒಂದೇ ದಂತ ಕಾಲೇಜಿನ ಆಸ್ಪತ್ರೆಯಲ್ಲಿ ಡಾಕ್ಟರು; ಅಲ್ಲಿನವರ ಬಾಯಲ್ಲಿ ದೊಡ್ಡ ಡಾಕ್ಟ್ರು, ಚಿಕ್ಕ ಡಾಕ್ಟ್ರು. ದೊಡ್ಡವಳ ಕೈ ಚುರುಕು, ನಾಲಿಗೆ ಇನ್ನೂ ಚುರುಕು. ಚಿಕ್ಕವಳು ನಕ್ಕರೆ ಸಾಕು, ಸೂಜಿ ಕಂಡು ಚೀರುವವರೂ ಬಾಯಿ ತೆರೆಯುತ್ತಿದ್ದರು. ತನ್ನ ಕುರ್ಚಿಯಲ್ಲೇ ಒರಗಿಕೊಂಡು "ಚಿಕ್ಕ ಡಾಕ್ಟ್ರು ಇಲ್ವಾ?" ಎಂದು ಕೇಳುವ ರೋಗಿಗಳನ್ನು ಅಕ್ಕ ವರ್ಷಗಟ್ಟಲೆ ಹಲ್ಲು ಕಚ್ಚಿ ಸಹಿಸಿದ್ದಳು.

ಈಗ ದಂತವೈದ್ಯರ ಸಮ್ಮೇಳನದಲ್ಲಿ ಒಳ್ಳೆಯ ಪ್ರಬಂಧಕ್ಕೆ ಕೊಡುವ ಬಹುಮಾನವೂ ತಂಗಿಯ ಪಾಲಾಗುವ ಹಾಗಿತ್ತು. ಅಕ್ಕ ಎಷ್ಟು ಪ್ರಬಂಧ ಮಂಡಿಸಿದರೂ ಕೈಗೆ ಹತ್ತದ ಬಹುಮಾನ ಅದು. ಹುಳುಕು ತಡೆಯುವ ಹೊಸ ಲೇಪವೊಂದನ್ನು ತಂಗಿ ಪರೀಕ್ಷಿಸಿದ್ದಳು. ಫಲಿತಾಂಶ ಕಣ್ಣು ಕುಕ್ಕುವಂತಿತ್ತು.

"ಅಕ್ಕಾ, ಒಂದ್ಸಲ ನೋಡಿಕೊಡೇ. ನೀನು ಸರಿ ಅಂದ್ರೆ ನಂಗೆ ಇನ್ಯಾರೂ ನೋಡೋದು ಬೇಡ," ಎಂದು ಊಟದ ಮೇಜಿನ ಮೇಲೆ ಹಾಳೆಗಳನ್ನಿಟ್ಟಳು.

ಅಕ್ಕ ತಪ್ಪು ಹುಡುಕಲೆಂದೇ ಓದಿದಳು. ಸಿಕ್ಕೇಬಿಟ್ಟಿತು! ಹದಿನೆಂಟು ಜನರ ನಾನೂರು ಚಿಲ್ಲರೆ ಹಲ್ಲುಗಳನ್ನು ತಂಗಿ ನಾನೂರು ಚಿಲ್ಲರೆ ರೋಗಿಗಳೆಂಬಂತೆ ಲೆಕ್ಕಕ್ಕೆ ಹಾಕಿದ್ದಳು. ಹಲ್ಲಿನ ಡಾಕ್ಟರು ಮಾತ್ರ ಮಾಡಬಹುದಾದ ತಪ್ಪು. ಒಂದು ಬಾಯಿಯ ಹಲ್ಲುಗಳೆಲ್ಲ ಒಂದೇ ಜೊಲ್ಲಿನಲ್ಲಿ ನೆನೆಯುತ್ತವೆ, ಒಂದೇ ಬ್ರಷ್ಷಿಗೆ ಮೈಯೊಡ್ಡುತ್ತವೆ, ಒಂದೇ ಮನೆಯವರಿದ್ದಂತೆ. ಮನೆಯವರೆಲ್ಲ ಸೇರಿ ಹೌದೆಂದರೂ ಸಾಕ್ಷಿ ಒಂದೇ. ಸರಿಯಾಗಿ ಲೆಕ್ಕ ಹಾಕಿದರೆ ಲೇಪದ ಪ್ರತಾಪ ಠುಸ್ಸೆನ್ನುತ್ತಿತ್ತು.

ಅಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎಲ್ಲರೆದುರು ಮುಖ ಸಣ್ಣದು ಮಾಡಿಕೊಂಡು ನಿಲ್ಲಲಿ, ಅಂದುಕೊಂಡಳು.

"ಬಹಳ ಚೆನ್ನಾಗಿದೆ ಕಣೇ. ಒಂದಕ್ಷರ ಮುಟ್ಟಬೇಡ," ಎಂದಳು.

ಸಮ್ಮೇಳನದ ದಿನ ಮೊದಲ ಸಾಲಿನಲ್ಲೇ ಕೂತಳು. ತಮಾಷೆ ನೋಡಲು ಬಂದವರಿಗೆ ಹಿಂದಿನ ಸಾಲು ಹಿಡಿಸುತ್ತದೆಯೇ? ತೀರ್ಪುಗಾರರಲ್ಲೊಬ್ಬರು ಸಂಖ್ಯಾಶಾಸ್ತ್ರದ ಮೇಷ್ಟ್ರು, ಬಲು ಖಡಕ್ ಮನುಷ್ಯ. ತಂಗಿಯ ಸರದಿ ಬಂದು ಪರದೆ ಬೆಳಗಿತು. ಸಂಶೋಧಕರ ಹೆಸರು ಎರಡಿದ್ದವು. ಮೊದಲನೆಯದು ಅಕ್ಕನದು.

"ಇದು ಅಕ್ಕನಿಗೂ ಗೊತ್ತಿಲ್ಲ," ಎಂದು ತಂಗಿ ನಕ್ಕಳು. "ನಂಗೆ ಇಕ್ಕಳ ಹಿಡಿಯೋದು ಕಲಿಸಿದ್ದೇ ಅವಳು. ಬಹುಮಾನ ಅಂತ ಬಂದ್ರೆ ಮೊದಲು ಅವಳಿಗೇ ಬರ್ಲಿ."

ಸಭೆ ಚಪ್ಪಾಳೆ ತಟ್ಟಿತು. ಅಕ್ಕನೂ ತಟ್ಟಬೇಕಾಯಿತು.

ತಂಗಿ ಮಾತು ಮುಗಿಸಿದ್ದೇ ಮೇಷ್ಟ್ರು ಕನ್ನಡಕ ಸರಿಪಡಿಸಿಕೊಂಡರು. "ಹಲ್ಲೆಷ್ಟು ಅಂತ ಹೇಳಿದ್ರಿ. ಬಾಯಿ ಎಷ್ಟು?"

"ಹದಿನೆಂಟು ಸರ್."

"ಹಾಗಾದ್ರೆ ಈ ಲೆಕ್ಕ ನಿಲ್ಲಲ್ಲಮ್ಮ." ಯಾಕೆಂದು ಅವರು ಬಿಡಿಸಿ ಹೇಳುತ್ತಿದ್ದಂತೆ ತಂಗಿಯ ಮುಖ ಬಿಳಿಚಿಕೊಂಡಿತು.

"ತಪ್ಪು ನಂದೇ ಸರ್," ಎಂದಳು. "ಅಕ್ಕನಿಗೆ ಕೈತುಂಬ ಕೆಲಸ ಇತ್ತು. ಬೇಗ ನೋಡಿಕೊಡು ಅಂತ ನಾನೇ ಅವಸರ ಮಾಡಿದೆ, ಅವಳಿಗೆ ಕಂಡಿರಲ್ಲ."

ಮೇಷ್ಟ್ರು ಅಕ್ಕನತ್ತ ತಿರುಗಿದರು. "ಹೌದಾ ಮೇಡಂ? ಇಷ್ಟು ವರ್ಷದ ಅನುಭವ, ನಿಮಗೆ ಗೊತ್ತೇ ಆಗ್ಲಿಲ್ವಾ?"

ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ತಂಗಿ ಆಗಲೇ ದಾರಿ ಮಾಡಿಕೊಟ್ಟಿದ್ದಳು. ಆದರೆ ತುಂಬಿದ ಸಭೆಯಲ್ಲಿ ದಡ್ಡಿ ಅನ್ನಿಸಿಕೊಳ್ಳುವುದೇ, ಅದೂ ಇವಳ ದಯೆಯಲ್ಲಿ? ಹಾಳು ಹೊಟ್ಟೆಕಿಚ್ಚು ಆಗಲೂ ಅವಳನ್ನು ಬಿಡಲಿಲ್ಲ.

"ಗೊತ್ತಾಗಿತ್ತು," ಎಂದಳು.

ತಂಗಿ ಅಕ್ಕನನ್ನೇ ನೋಡಿದಳು. "ಯಾವಾಗ?" ಎಂದು ಮೆಲ್ಲಗೆ ಕೇಳಿದಳು. ಮೈಕು ಅದನ್ನು ಇಡೀ ಸಭೆಗೆ ಕೇಳಿಸಿತು.