ಐವತ್ತು ನಿಮಿಷದ ದಾರಿ

ಗಾಳಿಚೀಲ ಮತ್ತೆ ಉಬ್ಬಿತು, ವಿಮಾನಗಳಿಗೆ ಗಾಳಿಯ ದಿಕ್ಕು ತೋರಿಸುವ ಕಂಬದ ತುದಿಯ ಕಿತ್ತಳೆ ಬಟ್ಟೆ, ಬಾಯಿ ಗುಡ್ಡದ ಕಡೆಗೆ, ಬಾಲ ಇವಳ ಕಿಟಕಿಯ ಕಡೆಗೆ, ಅಂದರೆ ಗಾಳಿ ಅತ್ತಲಿಂದ ಇತ್ತ, ಗಂಡ ಬರುವ ದಿಕ್ಕಿನಿಂದಲೇ, ಬೆನ್ನು ನೂಕುವ ಗಾಳಿ, ಇಷ್ಟು ಹೊತ್ತಿಗೆ ಬಂದು ಇಳಿದಿರಬೇಕಿತ್ತಲ್ಲ ಮಹರಾಯ — ಗುಡ್ಡದಾಚೆಯ ನಿಲ್ದಾಣದಿಂದ ಇಲ್ಲಿಗೆ ಇನ್ನೂರು ಕಿಲೋಮೀಟರು, ಅವನ ಪುಟ್ಟ ವಿಮಾನಕ್ಕೆ ಐವತ್ತು ನಿಮಿಷ, ಗಾಳಿ ಬೆನ್ನಿಗಿದ್ದರೆ ಇನ್ನೂ ಕಡಿಮೆ, ಎರಡೂ ಕಡೆ ಒಂದೊಂದು ಕೋಣೆ, ಒಂದೊಂದು ರೇಡಿಯೊ, ರೇಡಿಯೊ ಮುಂದೆ ಒಂದೊಂದು ಹೆಂಗಸು, ಇಲ್ಲಿ ಇವಳು, ಅಲ್ಲಿ ಅವಳು. ಅವಳ ಮುಖ ಇವಳು ಕಂಡಿಲ್ಲ, ದನಿ ಮಾತ್ರ ಗೊತ್ತು, ಅಕ್ಕಾ, ನಿಮ್ಮೋರು ಈಗ ತಾನೇ ಮೇಲೆದ್ರು ಅಕ್ಕಾ, ಇವತ್ತು ಅವಳು ಹಾಗಂದು ಒಂದೂವರೆ ಗಂಟೆಯಾಯಿತು — ಅಕ್ಕನಂತೆ, ಯಾವ ಸೀಮೆಯ ಅಕ್ಕ! ಹೋದ ವಾರ ಅದೇ ದನಿ, ನಿಮ್ಮೋರಿಗೆ ಟೀಗೆ ಎಷ್ಟು ಸಕ್ಕರೆ ಹಾಕಿದ್ರೂ ಸಾಲ್ದು ಕಣಕ್ಕಾ, ಅಂತ ಕಿಲಕಿಲ ನಕ್ಕಿತ್ತು, ಮನೆಯಲ್ಲಿ ಅವನು ಸಕ್ಕರೆ ಮುಟ್ಟುವುದಿಲ್ಲ, ಬೇಡ್ವೇ, ಹೊಟ್ಟೆ ಬರ್ತಿದೆ ಅನ್ನುತ್ತಾನೆ, ಆ ಹೊಟ್ಟೆ ಅಲ್ಲಿ ಹೋದ ಕೂಡಲೇ ಕರಗಿಬಿಡುತ್ತದೇನೋ.

ಚಕ್ರ ನೆಲ ಬಿಟ್ಟ ಮೇಲೇ ಹೊರಟ್ರು ಅನ್ನಬೇಕು, ಈ ಕೆಲಸದ ಮೊದಲ ಪಾಠವೇ ಅದು, ಗುಡ್ಡ ದಾಟುವವರೆಗೆ ವಿಮಾನದ ಪುಟ್ಟ ರೇಡಿಯೊದಿಂದ ಅವನ ದನಿ ಇಲ್ಲಿಗೆ ಸಿಗದು, ಅಲ್ಲಿಯವರೆಗೆ ಅವಳು ಹೇಳಿದ್ದೇ ವೇದವಾಕ್ಯ, ಹಾಗಾದರೆ — ಚಕ್ರ ನೆಲದ ಮೇಲಿರುವಾಗಲೇ ಹೊರಟ್ರು ಅಂದುಬಿಟ್ಟರೆ? ವಿಮಾನ ಬಿಸಿಲಲ್ಲಿ ನಿಂತಿದೆ, ಇವನು ಆ ಕೋಣೆಯಲ್ಲಿ ಕಾಲು ಚಾಚಿದ್ದಾನೆ, ಎರಡನೇ ಲೋಟ, ಇನ್ನೊಂದು ಚಮಚ ಸಕ್ಕರೆ, ಹೊರಟ್ರು ಅಂತ ನೀನು ಹೇಳ್ಬಿಡು, ನನ್ನೋಳು ಕಾಯ್ತಿರ್ತಾಳೆ — ಥೂ, ಎಂಥ ಯೋಚನೆ, ದಾರಿಯಲ್ಲಿ ಬಿದ್ದುಗಿದ್ದು ಹೋಗಿದ್ದರೆ? ಅಯ್ಯೋ ದೇವರೇ, ಬೀಳುವುದು ಬೇಡ, ಟೀ ಕುಡಿಯುತ್ತಲೇ ಕೂತಿರಲಿ, ಇಲ್ಲ, ಅದೂ ಬೇಡ. ತಡವಾದಾಗಲೆಲ್ಲ ಒಂದೇ ರಾಗ, ಎದುರುಗಾಳಿ ಕಣೇ, ಏನ್ಮಾಡ್ಲಿ, ಇವಳೂ ನಂಬಿದ್ದಳು, ತಿಂಗಳುಗಟ್ಟಲೆ ಗಾಳಿ ಇಲ್ಲಿಂದ ಅಲ್ಲಿಗೇ ಬೀಸುತ್ತಿತ್ತಲ್ಲ, ಇವತ್ತು ಅವನು ಹೋದ ಮೇಲೆ ತಿರುಗಿದೆ, ಮೋಡಗಳೂ ಗುಡ್ಡದ ಮೇಲಿಂದ ಇತ್ತಲೇ ಓಡಿಬರುತ್ತಿವೆ, ಬಾರದವನು ಇವನೊಬ್ಬನೇ.

ರೇಡಿಯೊ ಕರಕರ ಅಂದಿತು, ಅವನದೇ ದನಿ, ಗುಡ್ಡ ದಾಟ್ದೆ ಕಣೇ, ಬದುಕಿದ್ದಾನೆ, ಎದೆ ಹಗುರಾಯಿತು, ಕಣ್ಣು ತುಂಬಿತು, ಎಂಥ ಎದುರುಗಾಳಿ ಅಂತೀಯ, ಸಾಕುಸಾಕಾಯ್ತು, ಅಲ್ಲಿ ಗಾಳಿ ಹೇಗಿದೆ ಹೇಳು, ಇಳೀಬೇಕು — ತುಂಬಿದ ಕಣ್ಣು ಹಾಗೇ ಉರಿಯತೊಡಗಿತು, ಯಾರಿಗೆ ಹೇಳುತ್ತಿದ್ದಾನೆ ಇದನ್ನು, ದಿನವಿಡೀ ಗಾಳಿಯನ್ನೇ ನೋಡುತ್ತ ಕೂತವಳಿಗೆ! ಗಾಳಿಯ ವಿಷಯದಲ್ಲಿ ಇವಳು ಸುಳ್ಳು ಹೇಳುವಂತಿಲ್ಲ, ಹೇಳಿದರೆ ವಿಮಾನ ಮಗುಚೀತು, ಬೆರಳು ಗುಂಡಿ ಒತ್ತಿತು, ಗಾಳಿ ನಿಮ್ಮ ಬೆನ್ನಿಗಿದೆ ರೀ, ಜೋರಾಗಿದೆ, ಸುತ್ತಿ ಬಂದು ಈ ತುದಿಯಿಂದ ಗಾಳಿಗೆ ಎದುರಾಗಿ ಇಳೀರಿ. ಗುಡ್ಡದ ಕಡೆಯಿಂದ ಎಂಜಿನ್ನಿನ ಸದ್ದು ಹತ್ತಿರವಾಗತೊಡಗಿತು. ಕೇಳಿಸ್ತಾ ರೀ, ಬೆನ್ನಿಗೇ ಇದೆ, ಆಗಿನಿಂದಲೂ ಬೆನ್ನಿಗೇ ಇದೆ. ಕಿಟಕಿಯಾಚೆ ಕಿತ್ತಳೆ ಚೀಲ, ಬಾಯಿ ಗುಡ್ಡದ ಕಡೆಗೆ, ಬಾಲ ಇವಳ ಕಡೆಗೆ, ಬಾಲ ಇವಳ ಕಡೆಗೆ —